ಕುಲಪತಿ ಸತ್ತಿದ್ದ ಮಧ್ಯಾಹ್ನ

ಒಬ್ಬ ಹೆಂಗಸು ಬಂದು ಸುಮ್ಮನೆ ನಿಂತರೆ ದಿನಕ್ಕೆ ಐನೂರು ಸೋಮ್. ಕೂಗಿದರೆ ಎಂಟುನೂರು. ಪೊಲೀಸರ ಟೋಪಿ ಕಿತ್ತೆಸೆಯುವುದು, ಕಾರಿಗೆ ಅಡ್ಡ ಮಲಗುವುದು, ಇಂಥದ್ದನ್ನೆಲ್ಲ ಬೇರೆಯಾಗಿ ಮಾತಾಡಿಕೊಳ್ಳಬೇಕು. ಮೂರ್ಛೆ ಹೋಗುವುದಕ್ಕೆ ನಾನು ದರ ಇಟ್ಟಿಲ್ಲ. ಇಟ್ಟರೆ ಎಲ್ಲರೂ ಮೂರ್ಛೆ ಹೋಗುತ್ತಾರೆ, ಕೂಗುವುದಕ್ಕೆ ಯಾರೂ ಉಳಿಯುವುದಿಲ್ಲ. ಊಟ, ಚಹಾ, ಮಿನಿಬಸ್ಸಿನ ಖರ್ಚು ಕರೆಸಿದವರದು. ಮರದ ಚೌಕಟ್ಟಿಗೆ ಉಣ್ಣೆ ಕಂಬಳಿ ಹೊದಿಸಿ ಕಟ್ಟುವ ಕಂಬಳಿಮನೆ ಬೇಕೆಂದರೆ ದಿನಕ್ಕೆ ನಾಲ್ಕು ಸಾವಿರ, ಕಟ್ಟಿ ಬಿಚ್ಚುವ ಕೂಲಿಯೂ ಅದರಲ್ಲೇ. ಮಳೆಗಾಲವಾದರೆ ಕಂಬಳಿಮನೆ ಬೇಕೇ ಬೇಕು. ಒದ್ದೆಯಾದ ಹೆಂಗಸು ಕೂಗುವುದು ಕರೆಸಿದವರ ಪರವಾಗಿ ಅಲ್ಲ, ಅವರ ವಿರುದ್ಧ.

ಬಿಷ್ಕೆಕ್‌ನಲ್ಲಿ ಹೀಗೆ ಕೂಲಿಗೆ ಪ್ರತಿಭಟನೆ ಮಾಡುವ ಹೆಂಗಸರ ಗುಂಪುಗಳು ಹಲವಾರಿದ್ದವು. ನನ್ನ ಗುಂಪಿನಲ್ಲಿ ಹದಿನೆಂಟು ಜನ. ಅದಕ್ಕೂ ಮೊದಲು ನಾನು ಬಜಾರಿನಲ್ಲಿ ಈರುಳ್ಳಿ ಮಾರುತ್ತಿದ್ದೆ. ಗಂಟಲು ತಯಾರಾದದ್ದು ಅಲ್ಲಿ. ಶುರುವಿನಲ್ಲಿ, ಕರೆಯಲು ಬಂದವರನ್ನು ‘ಯಾರದು ಸರಿ, ಯಾರದು ತಪ್ಪು’ ಎಂದು ಕೇಳುತ್ತಿದ್ದೆ. ಬಂದವರೆಲ್ಲ ತಮ್ಮದೇ ಸರಿ ಎನ್ನುತ್ತಿದ್ದರು. ಆಮೇಲಾಮೇಲೆ ಊಟಕ್ಕೆ ಏನು ಎಂದಷ್ಟೇ ಕೇಳತೊಡಗಿದೆ.

ಆ ಜೂನ್‌ನಲ್ಲಿ ನಮ್ಮನ್ನು ಕರೆದದ್ದು ಒಂದು ವಿಶ್ವವಿದ್ಯಾಲಯದ ಕುಲಪತಿಯ ಅಳಿಯ. ಸರ್ಕಾರ ಅವನ ಮಾವ ತುರುಸ್‌ಬೆಕ್‌ರನ್ನು ತೆಗೆದು ಬೇರೊಬ್ಬರನ್ನು ನೇಮಿಸಿತ್ತು. ತುರುಸ್‌ಬೆಕ್ ಒಪ್ಪಲಿಲ್ಲ. ಮೂರನೇ ಮಹಡಿಯ ತಮ್ಮ ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕೂತರು. ಹೊಸಬರ ಕಡೆಯ ವಿದ್ಯಾರ್ಥಿಗಳು ಮೆಟ್ಟಿಲ ಮೇಲೆ ಕೂತು ‘ತುರುಸ್‌ಬೆಕ್ ಹೊರಗೆ ಬಾ’ ಎಂದು ಕೂಗುತ್ತಿದ್ದರು. ಕೂಗಿಗೆ ಬಲ ಬರಲಿ ಎಂದು ಕಟ್ಟಡದ ಬಾಗಿಲಿಗೆ ಸರಪಳಿ ಸುತ್ತಿ ಬೀಗವನ್ನೂ ಹಾಕಿದ್ದರು.

ಅವರ ಮುಂದಾಳು ಕುಬಾನ್ ಎಂಬ ಹುಡುಗನನ್ನು ಮೊದಲ ದಿನವೇ ಕೇಳಿದೆ. “ಅಲ್ಲ ಮಗಾ, ಹೊರಗೆ ಬಾ ಅಂತೀರ, ಹೊರಗಿಂದ ಬೀಗಾನೂ ಹಾಕ್ತೀರ. ಆ ಮನುಷ್ಯ ಬರೋದಾದ್ರೂ ಹೇಗೆ?”

“ಅದು ತತ್ವದ ಪ್ರಶ್ನೆ ಅಮ್ಮಾ,” ಅಂದ.

ನಮ್ಮ ಕೆಲಸ ಗೇಟಿನಲ್ಲಿ. ಹೊಸ ಕುಲಪತಿ ಒಳಗೆ ಕಾಲಿಡದಂತೆ ನೋಡಿಕೊಳ್ಳುವುದು, ‘ನಮ್ಮ ತುರುಸ್‌ಬೆಕ್‌ರನ್ನು ಮುಟ್ಟಬೇಡಿ’ ಎಂದು ಕೂಗುವುದು. ಬಿಳಿ ಬಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಅದನ್ನೇ ಬರೆಸಿ, ಉದ್ದನೆಯ ಕೋಲಿಗೆ ಕಟ್ಟಿ ಕಂಬಳಿಮನೆಯ ಪಕ್ಕ ನೆಟ್ಟಿದ್ದೆವು. ಕುಲಪತಿಗೆ ಊಟ ಕಳಿಸುವುದೂ ನಮ್ಮದೇ. ಅವರು ಹಿತ್ತಲ ಕಿಟಕಿಯಿಂದ ಹಗ್ಗದಲ್ಲಿ ಬುಟ್ಟಿ ಇಳಿಸುತ್ತಿದ್ದರು, ನಾವು ತುಂಬಿಸುತ್ತಿದ್ದೆವು.

ಇದೇ ವಿಶ್ವವಿದ್ಯಾಲಯದಲ್ಲಿ ನನ್ನ ಮಗಳು ಐಸಾಲ್ಕಿನ್ ಓದುತ್ತಿದ್ದಳು. ರಸಾಯನಶಾಸ್ತ್ರ, ಕೊನೆಯ ವರ್ಷ, ಇನ್ನೊಂದೇ ಒಂದು ಮೌಖಿಕ ಪರೀಕ್ಷೆ ಬಾಕಿ. ಕುಬಾನನೂ ಅವಳ ತರಗತಿಯವನೇ. ಕೊಚ್ಕೋರಿನ ಶಾಲೆಯೊಂದು ಅವಳಿಗಾಗಿ ಮೇಷ್ಟರ ಕೆಲಸವನ್ನೂ ವಾಸಕ್ಕೆ ಒಂದು ಕೋಣೆಯನ್ನೂ ಹಿಡಿದಿಟ್ಟಿತ್ತು. ಜುಲೈ ಮೊದಲಿಗೆ ಪದವಿ ಪತ್ರ ತೋರಿಸದಿದ್ದರೆ ಬೇರೆಯವರಿಗೆ. ಪರೀಕ್ಷಾ ಮಂಡಳಿಯ ಅವಧಿ ಶನಿವಾರ ಸಂಜೆಗೆ ಮುಗಿಯುತ್ತಿತ್ತು. ಆಮೇಲೆ ಪರೀಕ್ಷೆ ಇರುವುದು ಮುಂದಿನ ಬೇಸಿಗೆಗೆ. ಇದೆಲ್ಲ ಗೊತ್ತಿದ್ದೇ ನಾನು ಕೆಲಸ ಒಪ್ಪಿಕೊಂಡೆ. ಗೇಟಿನಲ್ಲಿ ನಾನೇ ಇದ್ದರೆ ಮಗಳನ್ನು ಒಳಗೆ ಬಿಡಬಹುದು ಎಂಬುದು ನನ್ನ ಲೆಕ್ಕಾಚಾರ.

ಅವಳು ದಿನವೂ ಬಿಳಿ ಅಂಗಿ ಇಸ್ತ್ರಿ ಮಾಡಿಕೊಂಡು ಬರುವಳು. ಸಹಪಾಠಿಗಳ ಜೊತೆ ರಸ್ತೆಯಾಚೆ ಮರದಡಿ ನಿಂತು ಓದುವಳು. ಶುಕ್ರವಾರ ಗೇಟಿಗೆ ಬಂದು ನನ್ನ ಮುಂದೆಯೇ ನಿಂತಳು.

“ಅಮ್ಮ, ನೀನು ಇಲ್ಯಾಕೆ ನಿಂತಿದೀಯ?”

“ನಿನಗೋಸ್ಕರ ಕಣೇ. ನಿನ್ನನ್ನ ಒಳಗೆ ಬಿಡೋಕೆ.”

“ಬಿಡ್ತಾನೇ ಇದೀಯಲ್ಲ. ದಿನಾ ಗೇಟು ದಾಟಿ ಹೋಗಿ ಬೀಗದ ದರ್ಶನ ಮಾಡ್ಕೊಂಡು ವಾಪಸ್ ಬರ್ತಿದೀನಿ.”

“ಬೀಗ ನಮ್ದಲ್ಲ, ಅವರದು.”

“ನೀವು ಎದ್ದರೆ ಅವರೂ ಏಳ್ತಾರಂತೆ.”

“ಅವರು ಎದ್ದರೆ ನಾವೂ ಏಳ್ತೀವಿ.”

“ಸರಿ ಬಿಡು. ನೀವಿಬ್ಬರೂ ಕೂತಿರಿ, ನಾನು ಹೊಲಿಗೆ ಕಾರ್ಖಾನೆಗೆ ಹೋಗ್ತೀನಿ.”

ಅವಳು ಓದಿದ್ದೇ ಆ ಕಾರ್ಖಾನೆಯಲ್ಲಿ ರಾತ್ರಿಪಾಳಿ ದುಡಿದು. ಮಾತು ನನಗೆ ನಾಟಿತು. ಗುಂಪನ್ನು ಎಬ್ಬಿಸಿಬಿಡೋಣವೇ ಎಂದು ಯೋಚಿಸಿದೆ. ಎಬ್ಬಿಸಿದರೆ ಅಳಿಯ ಬೇರೆ ಗುಂಪು ತರುತ್ತಾನೆ, ಅವರು ಗೇಟನ್ನೂ ದಾಟಿಸುವುದಿಲ್ಲ.

ಶನಿವಾರ ಬೆಳಗಾಗುವ ಹೊತ್ತಿಗೇ ಮಳೆ ಹಿಡಿಯಿತು. ಹೆಂಗಸರೆಲ್ಲ ಕಂಬಳಿಮನೆಯೊಳಗೆ ಸೇರಿ ಒಲೆ ಹೊತ್ತಿಸಿದರು. ಊಟದ ಬುಟ್ಟಿಯ ಉಸ್ತುವಾರಿ ನಮ್ಮ ಝೂರಾಳದು. ಮಳೆಯಲ್ಲಿ ಹಿತ್ತಲಿಗೆ ಯಾರು ಹೋಗುತ್ತಾರೆಂದು ಅವಳು ಹೋಗಲೇ ಇಲ್ಲ. ಕೂಗಿ ಕೂಗಿ ಅವಳ ಗಂಟಲು ಬೇರೆ ಒಡೆದಿತ್ತು.

“ಕಾಲಿಪಕ್ಕ, ನನ್ನಿಂದ ಕೂಗೋಕಾಗಲ್ಲ. ರಾಗದಲ್ಲಿ ಹೇಳ್ಲಾ? ರಾಗಕ್ಕಾದ್ರೆ ಗಂಟಲು ಬೇಡ, ಮೂಗು ಸಾಕು.”

“ಹೇಗಾದ್ರೂ ಹೇಳೇ. ಕೂಲಿ ತಗೊಂಡಿದೀವಿ, ಸದ್ದು ಬಂದ್ರೆ ಆಯ್ತು.”

ಝೂರಾಗೆ ಗೊತ್ತಿದ್ದದ್ದು ಒಂದೇ ರಾಗ. ಹಳ್ಳಿಯಲ್ಲಿದ್ದಾಗ ಸತ್ತವರ ಮನೆಗಳಲ್ಲಿ ಹಾಡಿ ಅಳುವುದಕ್ಕೆ ಅವಳನ್ನು ಕರೆಯುತ್ತಿದ್ದರು. ಅಭ್ಯಾಸಬಲದಿಂದ ಗೋಡೆಗೆ ಮುಖ ಮಾಡಿ, ಸೊಂಟದ ಮೇಲೆ ಕೈಯಿಟ್ಟು ಶುರು ಮಾಡಿದಳು:

“ಇಟ್ಟಿಗೆಯ ಗೋಡೆ ಕಟ್ಟಿಸಿದ ಯಜಮಾನಾ,
ನೀನಿಲ್ಲದ ಕುರ್ಚಿಯಲಿ ಕೂರುವವರಾರೋ,
ನಿನ್ನ ಬಾಗಿಲಿಗೆ ಬೀಗ ಬಿತ್ತಲ್ಲೋ…”

ಮಾತೆಲ್ಲ ನಮ್ಮ ಘೋಷಣೆಯದೇ. ಆದರೆ ರಾಗ ಕೇಳಿದ್ದೇ ಉಳಿದವರಿಗೆ ತಂತಮ್ಮ ಸತ್ತವರೆಲ್ಲ ನೆನಪಾಗಿ, ಒಬ್ಬೊಬ್ಬರೇ ಗೋಡೆಗೆ ತಿರುಗಿ ದನಿಗೂಡಿಸಿದರು. ನಾನೂ ನಮ್ಮಮ್ಮನನ್ನು ನೆನೆದು ಎರಡು ಸಾಲು ಅತ್ತೆ. ಹೊರಗೆ ಮಳೆಗೆ ಬಟ್ಟೆಯ ಮೇಲಿನ ಕೆಂಪು ಬಣ್ಣವೆಲ್ಲ ತೊಳೆದುಹೋಗಿ, ಬರೀ ಬಿಳಿ ಬಾವುಟ ಉಳಿದಿದ್ದನ್ನು ಯಾರೂ ನೋಡಲಿಲ್ಲ. ನಮ್ಮ ಕಡೆ ಕಂಬಳಿಮನೆ, ಪಕ್ಕದಲ್ಲಿ ಬಿಳಿ ಬಾವುಟ, ಒಳಗೆ ಹೆಂಗಸರ ಅಳು, ಇಷ್ಟಿದ್ದರೆ ಅರ್ಥ ಒಂದೇ. ಆ ಮನೆಯ ಹಿರಿಯ ತೀರಿಕೊಂಡ.

ಆ ಹೊತ್ತಿಗೆ ಸರಿಯಾಗಿ ಕುಲಪತಿಯ ಹುಟ್ಟೂರಿನಿಂದ ಮಿನಿಬಸ್ಸಿನಲ್ಲಿ ಹನ್ನೆರಡು ಜನ ಹಿರಿಯರು ಬಂದಿಳಿದರು. ಬಂದದ್ದು ಪ್ರತಿಭಟನೆಗೆ ಬೆಂಬಲ ಕೊಡಲು. ಅಡುಗೆಗೆಂದು ಒಂದು ಕುರಿಯನ್ನೂ ತಂದಿದ್ದರು. ಮುಂದೆ ಇಳಿದ ಅಸಾನಾಲಿ ಅಜ್ಜ ಬಾವುಟ ನೋಡಿದರು, ಅಳು ಕೇಳಿದರು. ಎರಡೂ ಕೈ ಸೊಂಟಕ್ಕಿಟ್ಟು, ಬಾಗಿ, ಓಡುತ್ತಾ ಬಂದರು.

“ಅಯ್ಯೋ ನನ್ನ ಕರುಳೇ! ನನ್ನ ಬೆನ್ನ ಹಿಂದಿನ ಬೆಟ್ಟವೇ! ಹೇಳದೆ ಹೊರಟುಬಿಟ್ಟೆಯಾ ತಮ್ಮಾ!”

ಅಳುತ್ತಾ ಬಂದವರನ್ನು ತಡೆದು ಪ್ರಶ್ನೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಮೊದಲು ಅವರ ಜೊತೆ ಅಳಬೇಕು. ಆಮೇಲೆ ಕೈಗೆ ನೀರು, ಆಮೇಲೆ ರೊಟ್ಟಿ, ಆಮೇಲೆ ಮಾತು. ಒಳಗಿದ್ದ ನಮ್ಮವರು, ತುರುಸ್‌ಬೆಕ್ ಸತ್ತ ಸುದ್ದಿಯನ್ನು ಇವರೇ ತಂದರೆಂದು ತಿಳಿದು ಇನ್ನೂ ಜೋರಾಗಿ ಅತ್ತರು. ನಾವು ಅತ್ತಿದ್ದು ನೋಡಿ ಅವರಿಗೆ ಖಾತ್ರಿಯಾಯಿತು. ಮೆಟ್ಟಿಲ ಮೇಲಿನ ವಿದ್ಯಾರ್ಥಿಗಳು ಎರಡೂ ಕಡೆ ನೋಡಿ, ಘೋಷಣೆ ನಿಲ್ಲಿಸಿ, ಎದ್ದು ನಿಂತರು. ಕುಬಾನ್ ಉಣ್ಣೆ ಟೋಪಿ ಸರಿಮಾಡಿಕೊಂಡು ಇಳಿದು ಬಂದು, ಅಳುವ ಗಂಡಸರ ಸಾಲಿನ ಕೊನೆಯಲ್ಲಿ ನಿಂತುಕೊಂಡ. ಅವನೂ ಹಳ್ಳಿಯ ಹುಡುಗ. ಹಿರಿಯರು ಅಳುವಾಗ ಕೂತಿರಬಾರದೆಂದು ಅವನ ಮನೆಯಲ್ಲೂ ಕಲಿಸಿರುತ್ತಾರೆ.

ರೊಟ್ಟಿ ಮುರಿಯುವ ಹೊತ್ತಿಗೆ ಕುರಿ ಕೊಯ್ದಾಗಿತ್ತು. ಅಕ್ಕಪಕ್ಕದ ಬೀದಿಯವರು, ಉಪನ್ಯಾಸಕರು, ದಾರಿಯಲ್ಲಿ ಹೋಗುತ್ತಿದ್ದವರು ಬಂದು ಅತ್ತು ಕೂತಿದ್ದರು. ಕೊನೆಗೆ ಕುಬಾನ್ ನನ್ನ ಕಿವಿಯ ಹತ್ತಿರ ಬಂದ. ಮುಖದಲ್ಲಿ ರಕ್ತವಿರಲಿಲ್ಲ.

“ಅಮ್ಮಾ, ಅವರು ಹೇಗೆ ಸತ್ತರು?”

“ನಿನಗೇ ಗೊತ್ತಿರಬೇಕಲ್ಲ. ಬೀಗದ ಕೈ ಯಾರ ಹತ್ರ ಇದೆ?”

“ಬುಟ್ಟಿ ನಿನ್ನೆ ರಾತ್ರಿಯಿಂದ ಹಗ್ಗದಲ್ಲೇ ನೇತಾಡ್ತಿದೆ. ಫೋನೂ ಆಫ್. ನಾವೇ ಕೊಂದ್ವಾ ಅಮ್ಮಾ?”

“ನಡಿ, ಬೀಗ ತೆಗಿ. ನೋಡೇ ಬಿಡೋಣ.”

ಹೀಗೆ, ಆರು ದಿನ ತತ್ವದ ಮೇಲೆ ನಿಂತಿದ್ದ ಸರಪಳಿ ಎರಡು ನಿಮಿಷದಲ್ಲಿ ಬಿಚ್ಚಿಕೊಂಡಿತು. ನಾವಿಬ್ಬರೂ ಮೂರನೇ ಮಹಡಿ ಹತ್ತಿದೆವು. ಹುಡುಗ ನನ್ನ ಬೆನ್ನ ಹಿಂದೆಯೇ ಇದ್ದ. ಕದ ತಟ್ಟಿದೆ.

“ಯಾರದು?” ಒಳಗಿನಿಂದ ದನಿ ಬಂತು. ಕುಬಾನ್ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡ.

“ನಾನು ಕಾಲಿಪಾ, ನಿಮ್ಮ ಪರವಾಗಿ ಕೂಗೋಳು.”

“ಎಲ್ಲಿ ಕೂಗ್ತೀಯ? ಬೆಳಗ್ಗೆಯಿಂದ ಬರೀ ಅಳು ಕೇಳಿಸ್ತಿದೆ. ಊಟಾನೂ ಇಲ್ಲ. ಯಾರು ಸತ್ತಿದ್ದು?”

“ನೀವು.”

ಒಳಗೆ ಕುರ್ಚಿ ಸರಿಯಿತು, ಹೆಜ್ಜೆ ಬಾಗಿಲ ಹತ್ತಿರ ಬಂತು.

“ಯಾವಾಗ?”

“ಇವತ್ತು ಬೆಳಗ್ಗೆ ಅಂತ ಕಾಣುತ್ತೆ.”

ಚಿಲಕ ತೆಗೆದರು. ಗಡ್ಡ ಬೆಳೆದಿತ್ತು, ಕಾಲಿಗೆ ಮನೆಯ ಚಪ್ಪಲಿ, ಕತ್ತಿಗೆ ಮಾತ್ರ ಟೈ. ನಡೆದದ್ದನ್ನು ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ, ಪರದೆಯ ಸಂದಿಯಿಂದ ಕೆಳಗೆ ಇಣುಕಿದರು.

“ಆ ಕೋಲು ಹಿಡ್ಕೊಂಡು ಅಳ್ತಿರೋದು ಅಸಾನಾಲಿಯಲ್ವಾ? ಹುಲ್ಲುಗಾವಲಿನ ವಿಷಯಕ್ಕೆ ಎಂಟು ವರ್ಷದಿಂದ ನನ್ನ ಮೇಲೆ ಕೇಸು ನಡೆಸ್ತಿದಾನೆ!”

“ನಿಮ್ಮನ್ನ ಬೆಟ್ಟ ಅಂತ ಕರೆದರು.”

“ಬೆಟ್ಟ ಅಂದ್ನಾ?” ಅವರ ಕಣ್ಣು ಒದ್ದೆಯಾಯಿತು. “ಇನ್ನೂ ಯಾರ್ಯಾರು ಬಂದಿದಾರೆ?”

ಮನುಷ್ಯನಿಗೆ ಹೊಟ್ಟೆ ಹಸಿದಿತ್ತು. ಹೊಗಳಿಕೆಯ ಹಸಿವು ಅದಕ್ಕಿಂತ ಹಳೆಯದು. ಕೆಳಗೆ ಬಾಗಿಲು ತೆರೆದಿತ್ತು. ಗಲಾಟೆ ಮಾಡುವವರು ಯಾರೂ ಇಲ್ಲ, ಸಾವಿನ ಮನೆಯಲ್ಲಿ ಯಾರೂ ದನಿ ಎತ್ತುವುದಿಲ್ಲ. ಸಂಜೆಯಾಗಲು ಇನ್ನೂ ಐದು ಗಂಟೆಯಿತ್ತು.

“ಯಜಮಾನರೇ, ಒಂದು ಮಾತು,” ಅಂದೆ. “ನೀವು ಈಗಲೇ ಬದುಕಿದ್ರೆ ಅತ್ತವರೆಲ್ಲ ಎದ್ದು ಹೋಗ್ತಾರೆ, ಹೊಗಳಿಕೆ ಅರ್ಧಕ್ಕೇ ನಿಲ್ಲುತ್ತೆ. ಸಂಜೆವರೆಗೆ ಸುಮ್ಮನಿದ್ರೆ ಪೂರ್ತಿ ಕೇಳಬಹುದು. ಮಾಂಸ ನಾನೇ ತಂದ್ಕೊಡ್ತೀನಿ.”

“ಬೆನ್ನಿನ ಕಡೆಯದು ತಾ,” ಎಂದು ಮತ್ತೆ ಚಿಲಕ ಹಾಕಿಕೊಂಡರು.

ಇಳಿಯುವಾಗ ಕುಬಾನ್ ಕೇಳಿದ. “ಇದು ಸುಳ್ಳು ಹೇಳಿದಂಗಲ್ವಾ ಅಮ್ಮಾ?”

“ಯಾರಾದ್ರೂ ‘ಸತ್ತಿದಾರಾ’ ಅಂತ ಕೇಳಿದ್ರೆ ‘ಇಲ್ಲ’ ಅಂತೀನಿ. ಯಾರೂ ಕೇಳಲ್ಲ. ಹೋಗು, ನಿನ್ನ ತರಗತಿಯವರನ್ನೆಲ್ಲ ಕರಿ. ಪರೀಕ್ಷೆ ಇದೆ.”

ಅವನು ಅಲ್ಲೇ ನಿಂತ. “ನಾನು ಓದಿಲ್ಲ.”

“ಅದಕ್ಕೇ ಬೀಗ ಹಾಕಿದ್ಯಾ?”

“ಅದೊಂದೇ ಅಲ್ಲ… ತತ್ವಾನೂ ಇತ್ತು,” ಎಂದು ತಲೆ ಕೆರೆದುಕೊಂಡ.

ಪರೀಕ್ಷಾ ಮಂಡಳಿಯ ಮುಖ್ಯಸ್ಥೆ ಮೈರಾಮ್ ಮೇಡಂ ಕಂಬಳಿಮನೆಯಲ್ಲಿ ಕೂತು ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೊರ್ಸೊಕ್‌ಗಳನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಜೊತೆಯ ಇಬ್ಬರು ಸದಸ್ಯರೂ ಪಕ್ಕದಲ್ಲೇ ಇದ್ದರು. ವಿದ್ಯಾರ್ಥಿಗಳೆಲ್ಲ ಕೈಕಟ್ಟಿ ಹೊರಗಿದ್ದರು. ಆರು ದಿನದಿಂದ ಒಂದೆಡೆ ಸೇರದವರು ಸಾವಿನ ನೆಪದಲ್ಲಿ ಸೇರಿಬಿಟ್ಟಿದ್ದರು.

“ಮೇಡಂ, ಬಾಗಿಲು ತೆರೆದಿದೆ. ಮಕ್ಕಳು ಕಾಯ್ತಿದಾರೆ.”

“ಇವತ್ತಾ? ಸಾವಿನ ಮನೇಲಿ ಪರೀಕ್ಷೆಯೇನಮ್ಮಾ?”

“ವಿದ್ಯೆಯ ಮನುಷ್ಯ. ಅವರ ಮನಸ್ಸಿಗೆ ಇದಕ್ಕಿಂತ ಸಮಾಧಾನ ಏನಿದೆ? ನಾಳೆ ನಿಮಗೂ ಅಧಿಕಾರ ಇರಲ್ಲ, ಇವರಿಗೂ ಒಂದು ವರ್ಷ ಹೋಗುತ್ತೆ.”

ಅವರು ನನ್ನನ್ನೇ ದಿಟ್ಟಿಸಿದರು. ಮೇಡಂ ಐವತ್ತು ವರ್ಷ ಪಾಠ ಮಾಡಿದವರು, ಸುಳ್ಳು ಹೇಳುವವರ ಮುಖ ಅವರಿಗೆ ಹೊಸದಲ್ಲ. ಆದರೂ ಕಪ್ಪು ಕೆಳಗಿಟ್ಟು, ಬಾಯೊರೆಸಿಕೊಂಡು ಎದ್ದರು.

ನೆಲಮಹಡಿಯ ಕೋಣೆಯಲ್ಲಿ ಪರೀಕ್ಷೆ ಶುರುವಾಯಿತು. ಮೇಜಿನ ಮೇಲೆ ಚೀಟಿಗಳನ್ನು ಮಗುಚಿ ಹರಡಿದ್ದರು. ಒಬ್ಬೊಬ್ಬರೇ ಒಂದು ಚೀಟಿ ಎತ್ತಿ, ಅದರಲ್ಲಿನ ಮೂರು ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಬೇಕು. ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತೆ, ಆಗಾಗ ಮೇಲಕ್ಕೆ ಮಾಂಸ ಒಯ್ದೆ. ಕುಬಾನ್ ಬಂದ, ಬೆವರಿದ, ಐದಕ್ಕೆ ಮೂರು ಅಂಕ ಪಡೆದು ಆಕಾಶ ನೋಡುತ್ತಾ ಹೊರಗೆ ಹೋದ. ಐಸಾಲ್ಕಿನ್ ಅಪ್ಪನ ಮನೆತನದ ಹೆಸರಿನಿಂದಾಗಿ ಅಕ್ಷರಾನುಕ್ರಮದ ಪಟ್ಟಿಯ ಕಟ್ಟಕಡೆಗಿದ್ದಳು.

ಅವಳು ಚೀಟಿ ಎತ್ತುವಾಗ ಹೊರಗೆ ಹೊಸ ಕುಲಪತಿ ಬಂದರು. ಆಳೆತ್ತರದ ಹೂವಿನ ಚಕ್ರ, ಧ್ವನಿವರ್ಧಕ, ಹಿಂದೆ ನಾಲ್ವರು. ಆರು ದಿನ ಅವರನ್ನು ತಡೆದ ನಮ್ಮ ಹೆಂಗಸರೇ ದಾರಿ ಬಿಟ್ಟು, ಕೈಗೆ ನೀರು ಹಾಕಿದರು. ಸಂತಾಪಕ್ಕೆ ಬಂದವರನ್ನು ತಡೆಯುವುದುಂಟೇ? ಅವರು ಭಾಷಣ ಶುರುಮಾಡಿದರು. ತುರುಸ್‌ಬೆಕ್ ಮಹಾನುಭಾವರು, ದೊಡ್ಡ ಸಭಾಂಗಣಕ್ಕೆ ಅವರ ಹೆಸರಿಡುತ್ತೇನೆ ಎಂದು ಎಲ್ಲರೆದುರು ಮಾತು ಕೊಡುತ್ತೇನೆ, ಎಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು.

ಒಳಗೆ ಮಗಳು ಎರಡು ಪ್ರಶ್ನೆ ಮುಗಿಸಿದ್ದಳು. ಮೂರನೆಯದು ಗಡಸು ನೀರಿನ ಬಗ್ಗೆ. ಬಾಯಿ ತೆರೆದಳು.

“…ಹಾಗೂ ತುರುಸ್‌ಬೆಕ್‌ರು ಸ್ವಂತ ಇಚ್ಛೆಯಿಂದ, ಸಂತೋಷವಾಗಿ ತಮ್ಮ ಸ್ಥಾನವನ್ನು ನನಗೆ ಬಿಟ್ಟುಕೊಟ್ಟು…” ಎಂದು ಧ್ವನಿವರ್ಧಕ ಹೇಳಿತು.

ಮೂರನೇ ಮಹಡಿಯ ಕಿಟಕಿ ದಡಾರನೆ ತೆರೆಯಿತು.

“ಬಿಟ್ಟುಕೊಟ್ಟಿಲ್ಲ! ಸುಳ್ಳ! ನಾನು ಬಿಟ್ಟುಕೊಟ್ಟಿಲ್ಲ!”

ಸತ್ತವರು ಕಿಟಕಿಯಲ್ಲಿ ನಿಂತಿದ್ದರು, ಕೈಯಲ್ಲಿ ಕುರಿಯ ಮೂಳೆ. ಒಬ್ಬ ಮುದುಕಿ ಕೆಸರಿನಲ್ಲೇ ಕುಸಿದಳು. ಹೂವಿನ ಚಕ್ರ ಉರುಳಿಕೊಂಡು ರಸ್ತೆಗೆ ಹೋಯಿತು. ಝೂರಾ ಮಾತ್ರ ಒಳಗೆ ಗೋಡೆಗೆ ತಿರುಗಿದವಳು ಹಾಡುತ್ತಲೇ ಇದ್ದಳು. ಪರೀಕ್ಷಾ ಮಂಡಳಿಯ ಸದಸ್ಯರಿಬ್ಬರೂ ಎದ್ದು ಕಿಟಕಿಗೆ ಓಡಿದರು. ಮಗಳು ನನ್ನ ಕಡೆ ನೋಡಿದಳು. ನಾನು ಮೇಡಂ ಕಡೆ ನೋಡಿದೆ.

ಮೈರಾಮ್ ಮೇಡಂ ಏಳಲಿಲ್ಲ. “ಕೂತ್ಕೊಳ್ಳಿ ಇಬ್ಬರೂ,” ಅಂದರು. “ಸತ್ತವರು ಏಳಲಿ, ಬಿಡಲಿ, ಅದು ನಮ್ಮ ಮಂಡಳಿಗೆ ಸೇರಿದ್ದಲ್ಲ. ಇಲ್ಲಿ ಮೂರನೇ ಪ್ರಶ್ನೆ ಬಾಕಿ ಇದೆ. ಹೇಳಮ್ಮಾ.”

ಹೊರಗೆ ಸರಪಳಿಯ ಸದ್ದು ಕೇಳಿತು. ಕುಬಾನನ ಗೆಳೆಯರು ಮತ್ತೆ ಬೀಗ ಹಾಕಲು ಬಂದಿದ್ದರು. ಕುಬಾನ್ ಬಾಗಿಲಿಗೆ ಅಡ್ಡ ನಿಂತಿದ್ದ.

“ಒಳಗೆ ಪರೀಕ್ಷೆ ನಡೀತಿದೆ, ಹೋಗ್ರೋ.”

“ನಿನಗ್ಯಾವಾಗಿಂದ ಪರೀಕ್ಷೆ ಮೇಲೆ ಪ್ರೀತಿ ಬಂತೋ?”

“ಪಾಸಾದಾಗಿಂದ.”

ನಾನು ತಟ್ಟೆ ಕೆಳಗಿಟ್ಟು ಅವನ ಪಕ್ಕ ನಿಂತೆ. ಅಡ್ಡ ನಿಲ್ಲುವುದು ನನಗೆ ಬರುವ ಕೆಲಸ. ಅಂದು ಕೂಲಿಯಿಲ್ಲದೆ ನಿಂತೆ. ಒಳಗಿನಿಂದ ಐಸಾಲ್ಕಿನ್‌ಳ ದನಿ ಬರುತ್ತಿತ್ತು. ಮೊದಲು ನಡುಗುತ್ತಿತ್ತು, ಆಮೇಲೆ ನೇರವಾಯಿತು. ನೀರನ್ನು ಹೇಗೆ ಮೆದು ಮಾಡುವುದೆಂದು ಕೊನೆಯವರೆಗೂ ಹೇಳಿದಳು. ಮೂವರೂ ಸಹಿ ಹಾಕಿದರು.

ಅಸಾನಾಲಿ ಅಜ್ಜ ಕಿಟಕಿಯ ಕೆಳಗೆ ನಿಂತು ಕೋಲೆತ್ತಿ ಕೂಗುತ್ತಿದ್ದರು. “ತುರುಸ್‌ಬೆಕ್! ನಾನು ಅತ್ತಾಯ್ತು. ಕುರಿ ಕಡಿದು ಹಂಚಾಯ್ತು. ನಮ್ಮೂರಿನ ಕಡೆಯಿಂದ ನಿನಗೆ ಮಾಡಬೇಕಾದ್ದೆಲ್ಲ ಮುಗೀತು. ಇನ್ನು ನೀನು ಕುರ್ಚೀಲಿ ಕೂತ್ರೂ ನಮ್ಮ ಪಾಲಿಗೆ ಕೂತಿಲ್ಲ. ಇನ್ನೊಂದ್ಸಲ ಸತ್ತಾಗ ನಮ್ಮನ್ನ ಕರೀಬೇಡ!”

ತುರುಸ್‌ಬೆಕ್ ಮತ್ತೊಂದು ದಿನ ಚಿಲಕ ಹಾಕಿಕೊಂಡು ಕೂತರು. ಆದರೆ ಬೀಗ ಹಾಕುವವರೂ ಇಲ್ಲ, ಕೂಗುವವರೂ ಇಲ್ಲ. ಸೋಮವಾರ ಚಪ್ಪಲಿಯಲ್ಲೇ ಇಳಿದು ಮನೆಗೆ ನಡೆದುಹೋದರು. ಹೊಸ ಕುಲಪತಿ ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳಲಾಗದೆ ಸಭಾಂಗಣಕ್ಕೆ ಅವರ ಹೆಸರಿಟ್ಟರು.

ಅಳಿಯ ನಮಗೆ ಆ ವಾರದ ಕೂಲಿ ಕೊಡಲಿಲ್ಲ. ಯಾರ ಪರ ಕೂಗಬೇಕೋ ಅವರನ್ನೇ ಸಾಯಿಸುವ ಗುಂಪು ಎಂದು ಊರೆಲ್ಲ ಹೇಳಿದ, ಮತ್ತೆ ಯಾರೂ ನಮ್ಮನ್ನು ಕರೆಯಲಿಲ್ಲ. ಐಸಾಲ್ಕಿನ್‌ಗೆ ಐದಕ್ಕೆ ನಾಲ್ಕು ಬಂತು. ಜುಲೈ ಮೊದಲಿಗಿಂತ ಮುಂಚೆಯೇ ಪದವಿ ಪತ್ರ ಕೊಚ್ಕೋರ್ ತಲುಪಿತು, ಈಗ ಅವಳು ಅಲ್ಲಿ ಪಾಠ ಹೇಳುತ್ತಾಳೆ. ನನ್ನ ಕೆಲಸ ಹೋಯಿತು, ಮಗಳಿಗೆ ಕೆಲಸ ಸಿಕ್ಕಿತು.